ಮೊದಲು ಬಚ್ಚಲ ನೋಡು

ನಿವೃತ್ತಿಯಾದ ವಾರ್ಡನ್ನಿಗೆ ಯಾರು ಫೋನು ಮಾಡುತ್ತಾರೆ? ಮೊದಮೊದಲು ಹಳೆಯ ಹುಡುಗಿಯರು ಮದುವೆಗೆ ಕರೆಯಲು ಮಾಡುತ್ತಿದ್ದರು. ಆಮೇಲೆ ಅದೂ ನಿಂತಿತು. ಹಾಗಾಗಿ ಈ ಸಲ ಮಳೆ ಶುರುವಾದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗ, ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವವರೇ ಇರಬೇಕೆಂದು ಗದರಿಸುವ ಧ್ವನಿಯಲ್ಲೇ "ಯಾರು?" ಎಂದೆ.

"ಸವಿತಾ ಅಂತರಿ ಅಕ್ಕಾರ. ರಾಣೆಬೆನ್ನೂರಾಗ ನೀವಿದ್ದ ಹಾಸ್ಟೆಲ್ಲಿಗೆ ಹೊಸದಾಗಿ ವಾರ್ಡನ್ ಆಗಿ ಬಂದೇನ್ರಿ. ಇವತ್ತ ಚಾರ್ಜ್ ತಗೊಂಡೆ. ಮೊದ್ಲ ಏನ್ ನೋಡ್ಲಿ ಅಂತ ಕೇಳಾಕ ಫೋನ್ ಮಾಡಿದೆ. ಸ್ಟೋರ್ ರೂಮ್ ನೋಡ್ಲೋ, ಹಾಜರಿ ನೋಡ್ಲೋ?"

"ಅವೆರಡೂ ಎಲ್ಲಿ ಓಡಿ ಹೋಗ್ತಾವ ಯವ್ವಾ? ಮೊದ್ಲ ಬಚ್ಚಲ ನೋಡು."

"ಬಚ್ಚಲ ಸ್ವಚ್ಛ ಐತ್ರಿ. ಈಗಷ್ಟ ತೊಳಿಸೇನಿ."

"ಸ್ವಚ್ಛ ಇದ್ರ ಚಲೋ ಆತು. ನಳ ಮುಟ್ಟಿದ್ರ ಜುಮ್ ಅಂತೈತೇನು ಅಂತ ಹುಡುಗ್ಯಾರನ್ನ ಕೇಳು. ಗೀಜರಿನ ಕೆಳಗಿನ ಮುಚ್ಚಳ ಐತೋ ಇಲ್ಲೋ ನೋಡು. ಮೇನ್ ಸ್ವಿಚ್ ಎಲ್ಲೈತಿ, ಅದರ ಮುಂದ ಏನೇನು ಒಟ್ಟ್ಯಾರ ನೋಡು. ಆಮ್ಯಾಲ ಅಕ್ಕಿ, ಬ್ಯಾಳಿ ನೋಡೀಯಂತ."

ಹುಡುಗಿ "ಹೂಂನ್ರಿ" ಎಂದಳು. ಆದರೆ ಈ ಮುದುಕಿಗೆ ತಲೆ ಸರಿ ಇದೆಯೋ ಇಲ್ಲವೋ ಎಂಬ ಅನುಮಾನವೂ ಆ ಹೂಂನಲ್ಲಿ ಇತ್ತು. ಇರಲಿ ಬಿಡಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದು ಮೂರು ಊರಿನ ಕಾಲೇಜು ಹುಡುಗಿಯರ ಹಾಸ್ಟೆಲುಗಳಲ್ಲಿ ವಯಸ್ಸೆಲ್ಲ ಕಳೆದವಳು ನಾನು. ಈಗಲೂ ಮನೆಯಲ್ಲಿ ದೀಪ ಒಮ್ಮೆ ಮಿಣುಕಿದರೆ ಎದೆ ಧಸಕ್ಕೆನ್ನುತ್ತದೆ. ಸೊಸೆ ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ನಾನು ಅದರ ವೈರು ನೋಡುತ್ತೇನೆ, ಅವಳು ನನ್ನ ಮುಖ ನೋಡುತ್ತಾಳೆ. ಹುಡುಗಿಯರು ನನಗೆ 'ಅಂಜುಬುರುಕಿ ಅಕ್ಕಾರ' ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅಲ್ಲ, ಕೇಳಿಸುವ ಹಾಗೆಯೇ ಅನ್ನುತ್ತಿದ್ದರು. ಆ ಅಂಜಿಕೆ ಎಲ್ಲಿಂದ ಬಂತೆಂದು ಫೋನಿನಲ್ಲಿ ಹೇಳಿ ಮುಗಿಸುವಂತಿಲ್ಲ. ಸವಿತಾಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರು ಓದಲಿ ಎಂದು ಬರೆಯುತ್ತಿದ್ದೇನೆ.

ಹಾವೇರಿಯಲ್ಲಿ ನಮ್ಮದು ಹಳೆಯ ಬಾಡಿಗೆ ಕಟ್ಟಡ. ನೀರು ಕಾಯಿಸಲು ಒಲೆ ಇತ್ತು. ಆದರೆ ಕಟ್ಟಿಗೆ ಹಸಿಯಿದ್ದರೆ ಹೊಗೆ ಬರುತ್ತಿತ್ತೇ ಹೊರತು ನೀರು ಕಾಯುತ್ತಿರಲಿಲ್ಲ. ಶುಕ್ರವಾರ ಬಂತೆಂದರೆ ಹುಡುಗಿಯರೆಲ್ಲ ತಲೆಗೆ ಎರೆದುಕೊಳ್ಳಬೇಕು. ನಮ್ಮ ಕಡೆ ಮಾರುದ್ದ ಜಡೆಯ ಹುಡುಗಿಗೆ ತಣ್ಣೀರಿನಲ್ಲಿ ಎರೆದುಕೋ ಎಂದು ಹೇಳಿ ನೋಡಿ, ಮುಂದಿನ ಬಸ್ಸಿಗೇ ಅವರವ್ವ ಬಂದು ಜಗಳ ತೆಗೆಯುತ್ತಾಳೆ. ಹಾಗಾಗಿ ಊರಿಂದ ಬರುವಾಗ ಒಬ್ಬೊಬ್ಬರ ಗಂಟಿನಲ್ಲೂ ಒಂದು ರಾಡು ಬರುತ್ತಿತ್ತು. ಬಕೆಟ್ಟಿನಲ್ಲಿ ಇಳಿಬಿಟ್ಟು ಕರೆಂಟಿನಿಂದ ನೀರು ಕಾಯಿಸುವ ಸುರುಳಿ ಅದು.

ಜಿಲ್ಲೆಯ ಹಾಸ್ಟೆಲುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಸಾಹೇಬರಿಗೆ ಇದು ಗೊತ್ತಾಯಿತು. "ರೇಡ್ ಮಾಡ್ರಿ, ಕಸಗೊಳ್ರಿ, ನೋಟಿಸ್ ಹಚ್ಚ್ರಿ" ಎಂದು ಹುಕುಂ ಕೊಟ್ಟರು. ನಾನು ಮತ್ತು ಅಡುಗೆಯ ಫಕ್ಕೀರವ್ವ ಕೂಡಿ ಹುಡುಕಿದೆವು. ಕಟಕ್ ರೊಟ್ಟಿಯ ಗಂಟಿನ ನಡುವೆ ರಾಡು, ಶೇಂಗಾ ಚಟ್ನಿ ಡಬ್ಬಿಯಲ್ಲಿ ರಾಡು! ಹೊಸರಿತ್ತಿಯ ಗಿರಿಜಾ ಎಂಬುವವಳು ಖಾದಿ ಚೀಲದ ತಳಕ್ಕೆ ಇನ್ನೊಂದು ಬಟ್ಟೆ ಹೊಲಿದು ಅದರೊಳಗೆ ಇಟ್ಟಿದ್ದಳು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೆ ಬೈಯುವುದಕ್ಕೂ ಮನಸ್ಸಾಗಲಿಲ್ಲ. ಕಸಿದುಕೊಂಡಷ್ಟೂ ಹೊಸವು ಬಂದವು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಮೊದಲು ಬಾಗಿಲು ತೆರೆದು ನೀರು ಕಾಯಿಸುತ್ತಿದ್ದವರು ರೇಡ್ ಶುರುವಾದ ಮೇಲೆ ಬಾಗಿಲಿಗೆ ಬೋಲ್ಟ್ ಹಾಕಿ ಕಾಯಿಸತೊಡಗಿದರು.

ಒಂದು ಶುಕ್ರವಾರ ಬೆಳಿಗ್ಗೆ ಗಿರಿಜಾ ಹಾಗೆ ಬೋಲ್ಟ್ ಹಾಕಿಕೊಂಡು, ನೀರು ಕಾದಿದೆಯೇ ಎಂದು ನೋಡಲು ಸ್ವಿಚ್ ಆರಿಸದೆಯೇ ರಾಡನ್ನು ಮೇಲೆತ್ತಿದ್ದಾಳೆ. ಇನ್ನೊಂದು ಕೈ ನಳದ ಮೇಲೆ ಇತ್ತಂತೆ. ನಮಗೆ ಚೀರಾಟವೇನೂ ಕೇಳಿಸಲಿಲ್ಲ. ಬಕೆಟ್ಟು ನೆಲಕ್ಕೆ ಕುಟ್ಟುವ ಸದ್ದು ಕೇಳಿಸಿತು, ಅದರ ಹಿಂದೆ ಗಂಟಲಲ್ಲೇ ಸಿಕ್ಕಿಕೊಂಡಂಥ ನರಳಿಕೆ.

"ಅಕ್ಕಾರ! ಹುಡುಗಿಗೆ ಕರೆಂಟ್ ಹಿಡದೈತ್ರೀ!" ಎಂದು ಫಕ್ಕೀರವ್ವ ಕೂಗಿದಳು.

ಮೇನ್ ಸ್ವಿಚ್ ಇದ್ದದ್ದು ಸ್ಟೋರ್ ರೂಮಿನ ಗೋಡೆಯಲ್ಲಿ. ಅದರ ಮುಂದೆ ಜೋಳದ ಚೀಲಗಳನ್ನು ಜಂತಿಯ ತನಕ ಒಟ್ಟಿದ್ದರು. ಆಗ ಎಲ್ಲ ಕಡೆಯೂ ಹಾಗೆಯೇ, ನೀರು ಜಿನುಗದ ಗೋಡೆ ಯಾವುದೋ ಅಲ್ಲೇ ಚೀಲ, ಅಲ್ಲೇ ಸ್ವಿಚ್ಚು. ಸೀರೆ ಎತ್ತಿ ಕಟ್ಟಿ ಚೀಲದ ಮೇಲೆ ಹತ್ತಿದೆ. ಚೀಲ ಜಾರಿ ನಾನೂ ಬಿದ್ದೆ. ಮತ್ತೆ ಹತ್ತಿ, ಕೈ ಚಾಚಿ, ಹಿಡಿಕೆಯನ್ನು ಎಳೆದು ಇಳಿಸಿದೆ. ಅಷ್ಟು ಹೊತ್ತು "ಯಪ್ಪಾ, ಯಪ್ಪಾ" ಎಂದು ನಾನೇ ಕೂಗುತ್ತಿದ್ದೆನಂತೆ. ನನಗೆ ನೆನಪಿಲ್ಲ.

ಬಾಗಿಲು ಒದ್ದು ಒಳಗೆ ಹೋದೆವು. ಹುಡುಗಿ ಬದುಕಿದಳು. ಆದರೆ ಬಲಗೈಯ ಎರಡು ಬೆರಳು ಮಡಿಸಿದ್ದು ಮಡಿಸಿದಂತೆಯೇ ಉಳಿದವು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳು ಮೊದಲು ಆಡಿದ ಮಾತು ಇದು: "ಅಕ್ಕಾರ, ನಮ್ಮಪ್ಪಗ ಹೇಳಬ್ಯಾಡ್ರಿ. ಕಾಲೇಜ್ ಬಿಡಸ್ತಾನ." ನಾನು ಅವಳೆದುರಿಗೇ ಅತ್ತೆ.

ಸಾಹೇಬರು ಬಂದರು. "ನೋಟಿಸ್ ಹಚ್ಚಿದ್ರಿಲ್ಲೋ?" ಎಂದು ಕೇಳಿದರು.

"ಹಚ್ಚಿದ್ವಿರಿ."

"ಹಂಗಾರ ನಮ್ಮದೇನೂ ತಪ್ಪಿಲ್ಲ ಬಿಡ್ರಿ."

ನನಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. "ತಪ್ಪು ಯಾರದು ಅಂತ ಯಾರು ಕೇಳ್ಯಾರ್ರಿ ಸಾಹೇಬ್ರ? ಹುಡುಗ್ಯಾರಿಗೆ ಬಿಸಿನೀರು ಕೊಡ್ರಿ. ರಾಡ್ ತಾವಾಗೇ ಬಂದ್ ಆಗ್ತಾವ" ಎಂದೆ. ಬಾಯಿ ಜೋರಿನವಳು ಎಂಬ ಹೆಸರು ನನಗೆ ಅಂದೇ ಬಂತು. ಗೀಜರು ಮಂಜೂರಾಗಿ ಬರುವ ತನಕ ಆ ಹೆಸರನ್ನು ನಾನು ಉಳಿಸಿಕೊಂಡೆ. ಅಲ್ಲಿಯ ತನಕ ರಾಡು ತಂದವರು ನನಗೆ ತೋರಿಸಿಯೇ ಹಚ್ಚಬೇಕು, ತೋರಿಸಿದರೆ ಬೈಯುವುದಿಲ್ಲ ಎಂದು ಮಾತು ಕೊಟ್ಟೆ. ಸ್ವಿಚ್ ಆರಿಸಿ, ಪಿನ್ನು ಕಿತ್ತು, ಆಮೇಲೆ ನೀರು ಮುಟ್ಟಬೇಕು. ಇದನ್ನು ಎಷ್ಟು ಸಲ ಹೇಳಿದೆನೆಂದರೆ, ಊಟಕ್ಕೆ ಕುಳಿತಾಗ ಹುಡುಗಿಯರು "ಪಿನ್ ಕಿತ್ತೇವ್ರಿ ಅಕ್ಕಾರ, ಈಗ ಸಾರು ಮುಟ್ಟಲೇನ್ರಿ?" ಎಂದು ಅಣಕಿಸುತ್ತಿದ್ದರು.

ಬ್ಯಾಡಗಿಗೆ ಹೋದಾಗ ಗೀಜರು ಇದೆ, ಇನ್ನು ನಿಶ್ಚಿಂತೆ ಎಂದುಕೊಂಡಿದ್ದೆ. ನಮ್ಮ ಹಾಸ್ಟೆಲು ಮೆಣಸಿನಕಾಯಿ ಪೇಟೆಗೆ ಸಮೀಪ. ಸುಗ್ಗಿಯಲ್ಲಿ ಕಿಟಕಿ ತೆರೆದರೆ ಸೀನು, ಮುಚ್ಚಿದರೆ ಸೆಕೆ. ಹುಡುಗಿಯರು ಕಾಲೇಜಿನಿಂದ ಬಂದವರೇ ಕಣ್ಣುರಿ ಎಂದು ಮುಖ ತೊಳೆಯಲು ಓಡುತ್ತಿದ್ದರು. ಮೊದಲ ವರ್ಷದ ಹುಡುಗಿಯರು ಬಂದ ದಿನಗಳಲ್ಲಿ ಬಚ್ಚಲಿನ ಕಡೆಯಿಂದ ಒಂದು ಕಿರುಚಾಟ, ಅದರ ಬೆನ್ನಿಗೇ ಗೊಳ್ಳೆಂದು ನಗು ಕೇಳಿಬರುತ್ತಿತ್ತು. ಹುಡುಗಾಟ ಇರಬೇಕೆಂದು ನೋಡಲು ಹೋದೆ.

ಹಳೆಯ ಹುಡುಗಿಯರು ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಸಾಲಾಗಿ ನಿಂತಿದ್ದರು. ಹೊಸಬಳೊಬ್ಬಳು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ. "ನಳಪ್ಪಗ ಶರಣು ಮಾಡು" ಎಂದು ಒಬ್ಬಳು ಹೇಳಿದಳು. ಅವಳು ನಳ ಮುಟ್ಟಿ ಕಿಟಾರನೆ ಕಿರುಚಿದಳು. "ಹಾಂ, ಇವತ್ತಿನಿಂದ ನೀ ನಮ್ಮಾಕಿ!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ನುಗ್ಗಿ ಅವಳನ್ನು ಹಿಂದಕ್ಕೆ ಎಳೆದೆ. "ಎಲ್ಲಾರೂ ಹೊರಗ ಬರ್ರಿ! ಯಾವಾಗಿಂದ ಹಿಂಗೈತಿ ಇದು?"

"ನಾವು ಬಂದಾಗಿಂದ್ಲೂ ಐತ್ರಿ ಅಕ್ಕಾರ. ಭಾಳ ಏನಿಲ್ರಿ, ಒಂಚೂರು ಜುಮ್ ಅಂತೈತಿ, ಅಷ್ಟ."

"ನನಗ್ಯಾಕ ಹೇಳಲಿಲ್ಲ?"

ಒಬ್ಬಳು ಹೇಳಿದಳು. "ಹೇಳಿದ್ರ ನೀವು ಗೀಜರ್ ಬಂದ್ ಮಾಡ್ತೀರಿ ಅಂತ."

ನೋಡಿ, ಹೊಸಬರೇ, ಇದನ್ನು ಮರೆಯಬೇಡಿ. ಹುಡುಗಿಯರಿಗೆ ಕರೆಂಟಿನ ಹೆದರಿಕೆಗಿಂತ ತಣ್ಣೀರಿನ ಹೆದರಿಕೆ ದೊಡ್ಡದು. ಫೋನಿನ ಚಾರ್ಜರು, ಕೆಟಲ್ಲು, ಕೂದಲು ಒಣಗಿಸುವ ಯಂತ್ರ, ಒಂದೇ ಪ್ಲಗ್ಗಿಗೆ ಜೋತುಬಿದ್ದ ಮೂರು ವೈರು, ಎಲ್ಲದರದೂ ಇದೇ ಕಥೆ. ಕಸಿದುಕೊಳ್ಳುತ್ತಾರೆಂದು ಗೊತ್ತಾದರೆ ತೋರಿಸುವುದಿಲ್ಲ.

ಮೂರೂ ಊರಿನ ಹಾಸ್ಟೆಲುಗಳ ಕರೆಂಟ್ ಕೆಲಸಕ್ಕೆ ಬರುತ್ತಿದ್ದವನು ಬಸಣ್ಣ. ನಗುಮುಖದವನು, ಕರೆದ ಕೂಡಲೇ ಬರುವವನು. ಒಂದೇ ಒಂದು ರೋಗ. ಏನು ಕೇಳಿದರೂ "ಏನೂ ಆಗೂದಿಲ್ಲ ಬಿಡ್ರಿ ಅಕ್ಕಾರ" ಎನ್ನುತ್ತಿದ್ದ. ಫ್ಯೂಜ್ ಪದೇಪದೇ ಹೋಗುತ್ತದೆ ಎಂದರೆ ದಪ್ಪ ತಂತಿ ಸುತ್ತಿ "ಇನ್ ಏನೂ ಆಗೂದಿಲ್ಲ" ಎನ್ನುವ ಮನುಷ್ಯ. ನಳದ ಸಂಗತಿ ಹೇಳಿದರೆ, "ಚಪ್ಪಲಿ ಹಾಕ್ಕೊಂಡು ಮುಟ್ಟಾಕ ಹೇಳ್ರಿ" ಎಂದ.

ನಾನು ಅವನನ್ನು ಬಿಟ್ಟು ಸರ್ಕಾರದ ವಿದ್ಯುತ್ ಪರಿವೀಕ್ಷಕರನ್ನು ಕರೆಸಿದೆ. ನಿವೃತ್ತಿಗೆ ಹತ್ತಿರವಾಗಿದ್ದ ಅಧಿಕಾರಿ. ಕಟ್ಟಡದ ಸುತ್ತ ತಿರುಗಿ, "ಅರ್ಥಿಂಗ್ ಗುಂಡಿ ಎಲ್ಲೈತ್ರಿ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಕಟ್ಟಡ ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಸ್ಕೂಟರ್ ನಿಲ್ಲಿಸಲೆಂದು ಅದರ ಮೇಲೆಯೇ ಸಿಮೆಂಟ್ ಹಾಕಿಸಿದ್ದರು. ಒಡೆಸಿ ನೋಡಿದರೆ ಎರೆಮಣ್ಣು ಬಾಯಿ ಬಿಟ್ಟಿತ್ತು, ತಂತಿ ತುಕ್ಕು ತಿಂದು ಹರಿದಿತ್ತು. "ಸೋರಿದ ಕರೆಂಟು ನೆಲಕ್ಕ ಹೋಗಾಕ ಇರೂ ದಾರಿ ಇದು, ಅಕ್ಕಾರ. ಈ ದಾರಿ ಕಟ್ಟಿದ್ರ ಅದು ನಿಮ್ಮ ಹುಡುಗ್ಯಾರ ಮೈಯಾಗಿಂದ ಹೋಗ್ತೈತಿ" ಎಂದರು. ಕರೆಂಟ್ ಸೋರಿದ ಕೂಡಲೇ ತಾನಾಗಿ ಬಿದ್ದು ಇಡೀ ಕಟ್ಟಡದ ಕರೆಂಟ್ ಕಡಿಯುವ ಸಣ್ಣ ಪೆಟ್ಟಿಗೆಯನ್ನು ಹಾಕಿಸಬೇಕೆಂದೂ ಅವರೇ ಹೇಳಿದರು. ನಾವು ಅದಕ್ಕೆ ಟ್ರಿಪ್ ಸ್ವಿಚ್ ಎನ್ನುತ್ತಿದ್ದೆವು. "ಅದು ಬಿದ್ರ ಬೈಬ್ಯಾಡ್ರಿ. ಯಾಕ ಬಿತ್ತು ಅಂತ ಹುಡುಕ್ರಿ" ಎಂದು ಹೋಗುವಾಗ ಮತ್ತೊಮ್ಮೆ ಹೇಳಿದರು.

ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಹೊಸ ತಂತಿ ಹಾಕಿಸಿದೆವು. ನಳ ಸುಮ್ಮನಾಯಿತು. ಬೇಸಿಗೆಯಲ್ಲಿ ಮಣ್ಣು ಒಣಗಬಾರದೆಂದು ಹುಡುಗಿಯರು ಸರದಿಯ ಮೇಲೆ ಆ ಗುಂಡಿಗೆ ನೀರು ಹಾಕುವ ಪದ್ಧತಿ ಮಾಡಿದೆ. "ಅಕ್ಕಾರ ಕರೆಂಟಿನ ಗಿಡ ಬೆಳಸಾಕತ್ತಾರ, ಇನ್ನೇನ್ ಬಲ್ಬ್ ಬಿಡ್ತೈತಿ ನೋಡ್ರಿ" ಎಂದು ನಕ್ಕರು. ನಗಲಿ ಬಿಡಿ, ನೀರಂತೂ ಹಾಕುತ್ತಿದ್ದರಲ್ಲ.

ಕೊನೆಯ ವರ್ಷಗಳು ರಾಣೆಬೆನ್ನೂರಿನಲ್ಲಿ. ಹೊಸ ಕಟ್ಟಡ, ಗೀಜರು, ಅರ್ಥಿಂಗ್, ಟ್ರಿಪ್ ಸ್ವಿಚ್, ಎಲ್ಲವೂ ಇದ್ದವು. ಇಲ್ಲಿ ಬಂದ ತೊಂದರೆ ಬೇರೆ. ಸ್ವಿಚ್ಚು ಪದೇಪದೇ ಬೀಳುತ್ತಿತ್ತು. ಒಮ್ಮೆ ವೈರು ಸುಲಿದ ಇಸ್ತ್ರಿ ಪೆಟ್ಟಿಗೆ, ಒಮ್ಮೆ ತಳದಲ್ಲಿ ನೀರು ಹೊಕ್ಕ ಕೆಟಲ್ಲು, ಒಮ್ಮೆ ಯಾರೋ ಬಟ್ಟೆ ಒಣಹಾಕಲು ಕಟ್ಟಿದ ತಂತಿ ಹರಕು ವೈರಿಗೆ ತಾಕಿದ್ದು. ನಾನು ಕಾರಣ ಸಿಗುವ ತನಕ ಸ್ವಿಚ್ ಎತ್ತಲು ಬಿಡುತ್ತಿರಲಿಲ್ಲ. ಕೋಣೆ ಕೋಣೆ ತಿರುಗಿ ಒಂದೊಂದೇ ಪಿನ್ನು ಕಿತ್ತಿಸಿ ನೋಡುತ್ತಿದ್ದೆ. ಅಷ್ಟು ಹೊತ್ತು ಎಲ್ಲರೂ ಕತ್ತಲಲ್ಲಿ, ಎಲ್ಲರ ಬಾಯಲ್ಲೂ ನಾನೇ.

ಒಂದು ವರ್ಷ ಸೆಮಿಸ್ಟರ್ ಪರೀಕ್ಷೆ ದೀಪಾವಳಿ ಮುಗಿದ ಕೂಡಲೇ ಇತ್ತು. ಬಹಳ ಹುಡುಗಿಯರು ಹಬ್ಬಕ್ಕೆ ಊರಿಗೆ ಹೋಗದೆ ಓದಿಕೊಳ್ಳಲು ಉಳಿದರು. ಅವರಿಗೆಲ್ಲ ಮುಂದಾಳು ರೇಖಾ. ಮೇಡ್ಲೇರಿಯವಳು, ಬಿ.ಎಸ್ಸಿ. ಕೊನೆಯ ವರ್ಷ, ಮಾತಿನಲ್ಲಿ ನನಗೇ ಸರಿಸಾಟಿ.

"ಅಕ್ಕಾರ, ನಿಮ್ಮ ಅಂಜಿಕಿ ಸಲವಾಗಿ ನಾವು ನಪಾಸ್ ಆಗಬೇಕೇನ್ರಿ?" ಎಂದು ಎಲ್ಲರೆದುರು ಕೇಳಿದಳು.

"ನಪಾಸ್ ಆದ್ರ ಮತ್ತ ಕುಂದ್ರಾಕ ಬರ್ತೈತಿ ಯವ್ವಾ" ಎಂದೆ. ಅವಳಿಗೆ ಅದು ಹಿಡಿಸಲಿಲ್ಲ. ಸೀದಾ ಸಾಹೇಬರಿಗೇ ಫೋನು ಮಾಡಿದಳು.

ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬದ ಮಧ್ಯಾಹ್ನ, ಸಾಹೇಬರ ಕರೆ ಬಂತು. ಇವರು ಹಾವೇರಿಯ ಸಾಹೇಬರಲ್ಲ, ಅವರ ನಂತರ ಬಂದವರು. ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅದೇ. "ನೋಡ್ರಿ ಮೇಡಂ, ಪರೀಕ್ಷಾ ಟೈಮಿನಾಗ ಕಂಪ್ಲೇಂಟ್ ಬರಬಾರದು. ಆ ಸ್ವಿಚ್ ತಪ್ಪಿಸಿ ಡೈರೆಕ್ಟ್ ಲೈನ್ ಕೊಡಾಕ ಬಸಣ್ಣಗ ಹೇಳೇನಿ. ಪರೀಕ್ಷಾ ಮುಗಿದ ಮ್ಯಾಲ ಮತ್ತ ಹಾಕ್ಸೂಣಂತ."

"ಸಾಹೇಬ್ರ, ನಾಳೆ ಹುಡುಗ್ಯಾರು ಎಣ್ಣಿ ನೀರು ಎರಕೋತಾರ. ಎಲ್ಲಾ ಗೀಜರ್ ಒಮ್ಮೆಲೆ ಹಚ್ತಾರ—"

"ಏನಾರ ಆದ್ರ ನಾ ಅದೀನಿ" ಎಂದು ಫೋನು ಇಟ್ಟರು. ಏನಾದರೂ ಆದರೆ ಅವರು ಎಲ್ಲಿರುತ್ತಾರೆಂದು ಹಾವೇರಿಯಲ್ಲಿ ಕಂಡವಳು ನಾನು.

ಸ್ವಲ್ಪ ಹೊತ್ತಿಗೇ ಬಸಣ್ಣ ಚೀಲ ಹಿಡಿದು ಬಂದ. ಬೋರ್ಡಿನ ಮುಂದೆ ನಿಂತು ಇಕ್ಕಳ ತೆಗೆದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಜಗಳ ಮಾಡಬೇಕೆಂದು ಬಾಯಿ ತೆರೆದರೆ ಜಗಳದ ಮಾತೇ ಬರಲಿಲ್ಲ.

"ಬಸಣ್ಣ, ಡೈರೆಕ್ಟ್ ಕೊಟ್ರ ಏನೂ ಆಗೂದಿಲ್ಲೇನು?"

"ಏನೂ ಆಗೂದಿಲ್ಲ ಬಿಡ್ರಿ ಅಕ್ಕಾರ. ಎಷ್ಟ್ ಮನ್ಯಾಗ ಈ ಸ್ವಿಚ್ಚೇ ಇಲ್ಲ."

"ಹಂಗಾರ ಕೊಡು. ನಾ ಬ್ಯಾಡ ಅನ್ನೂದಿಲ್ಲ. ಒಂದ ಮಾತು ನಡಸು. ನಾಳೆ ಮುಂಜಾನೆ ನಿನ್ನ ಮಗಳನ್ನ ಕರಕೊಂಡು ಬಾ. ಹಬ್ಬದ ನೀರು ಇಲ್ಲೇ ಎರಕೊಳ್ಳಲಿ, ಎಲ್ಲಾರಿಗಿಂತ ಮೊದ್ಲ."

"ನನ್ನ ಮಗಳು ಇಲ್ಲಿಗ್ಯಾಕ ಬರ್ಬೇಕ್ರಿ?" ಎಂದು ನಕ್ಕ.

ನಾನು ನಗಲಿಲ್ಲ. ಅವನ ನಗುವೂ ನಿಂತಿತು. ಇಕ್ಕಳವನ್ನು ಕೈಯಲ್ಲಿ ಹೊರಳಿಸುತ್ತ ಬೋರ್ಡು ನೋಡಿದ. ಬಚ್ಚಲಿನ ಕಡೆ ನೋಡಿದ. ಹಿಂದಿನ ವಾರ ಅಲ್ಲಿ ಒಂದು ಗೀಜರ್ ದುರಸ್ತಿ ಮಾಡಿದವನು ಅವನೇ. ಕೆಳಗಿನ ಮುಚ್ಚಳ ಒಡೆದಿದೆ, ಹಬ್ಬ ಮುಗಿದ ಮೇಲೆ ತರುತ್ತೇನೆಂದು ಹಾಗೇ ಬಿಟ್ಟಿದ್ದ. ನಾನು ಅದನ್ನು ಹಚ್ಚಬಾರದೆಂದು ಎಲ್ಲರಿಗೂ ಹೇಳಿದ್ದೆ.

"ಸಾಹೇಬ್ರು ಕೇಳಿದ್ರ ಏನ್ ಹೇಳ್ಲಿರಿ?" ಎಂದ, ಸಣ್ಣ ಧ್ವನಿಯಲ್ಲಿ.

"ಅಂಜುಬುರುಕಿ ಬಿಡಲಿಲ್ಲ ಅನ್ನು."

ಇಕ್ಕಳ ಚೀಲಕ್ಕೆ ಹಾಕಿಕೊಂಡು ಹೋದ. ಮೆಟ್ಟಿಲ ಮೇಲೆ ನಿಂತಿದ್ದ ರೇಖಾ ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ದುರುಗುಟ್ಟಿಕೊಂಡು ನೋಡಿ ಮೇಲೆ ಹೋದಳು. ಇಷ್ಟು ಜನ ಹುಡುಗಿಯರ ಶಾಪ ಕಟ್ಟಿಕೊಂಡು ಹಬ್ಬ ಮಾಡಬೇಕಾಯಿತಲ್ಲ ಎಂದು ನನಗೂ ಸಂಕಟವಾಯಿತು.

ಇನ್ನು ನಮ್ಮ ಕಡೆಯ ಪದ್ಧತಿ ಹೇಳಬೇಕು. ನೀರು ತುಂಬುವ ಹಬ್ಬದ ಸಂಜೆ ಮನೆಯ ಹೆಣ್ಣುಮಕ್ಕಳು ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹಿಂಡಲಕಾಯಿ ಎಂಬ ಕಾಡುಬಳ್ಳಿ ಸುತ್ತಿ, ಹೊಸ ನೀರು ತುಂಬಿ ಆರತಿ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಅದೇ ನೀರಿನಲ್ಲಿ ಎಣ್ಣೆಸ್ನಾನ. ಊರಿಗೆ ಹೋಗದ ಹುಡುಗಿಯರಿಗೆ ಅವ್ವನ ನೆನಪು, ಹಬ್ಬದ ಆಸೆ. ರೇಖಾಳ ತಮ್ಮ ಹೊಲದ ಬದುವಿನಿಂದ ಬಳ್ಳಿ ಕಿತ್ತು ಕಳಿಸಿದ್ದ. ಆದರೆ ಹಾಸ್ಟೆಲಿನಲ್ಲಿ ಹಂಡೆ ಎಲ್ಲಿಂದ ಬರಬೇಕು? ನೀರು ಕಾಯಿಸುವುದು ಯಾವುದೋ ಅದೇ ಹಂಡೆ ಎಂದು ಗೀಜರನ್ನೇ ತೊಳೆಯಲು ನಿಂತರು! ಅದೂ ದೊಡ್ಡದು, ಊರ ಅಗಸೆ ಬಾಗಿಲಿನಂತೆ ಎದುರಿಗೇ ಕಾಣುವುದು ಎಂದು ಆರಿಸಿದ್ದು ಮುಚ್ಚಳವಿಲ್ಲದ ಆ ತಗಡಿನ ಗೀಜರನ್ನೇ. ಬಂದ್ ಇದೆಯಲ್ಲ ಎಂಬ ಧೈರ್ಯ. ಐರಣಿಯ ರೇಷ್ಮಾ ಎತ್ತರದವಳೆಂದು ಬಳ್ಳಿ ಕಟ್ಟುವ ಕೆಲಸ ಅವಳಿಗೆ. "ನಮ್ಮ ಮನ್ಯಾಗ ಈ ಹಬ್ಬ ಇಲ್ಲ, ನಾ ಚಲೋತ್ನಾಗ ಕಟ್ತೀನಿ ನೋಡ್ರಿ" ಎಂದು ಬಕೆಟ್ಟು ಬೋರಲು ಹಾಕಿ ಹತ್ತಿದ್ದಾಳೆ. ಉಳಿದವರು ಆರತಿ ತಟ್ಟೆ ತರಲು ಹೋಗಿದ್ದಾರೆ.

ಇತ್ತ ರೇಖಾ, ಒಳಗೆ ರೇಷ್ಮಾ ಇರುವುದು ತಿಳಿಯದೆ, ಆ ಗೀಜರನ್ನು ಹಚ್ಚಬಾರದೆಂಬುದನ್ನೂ ಮರೆತು, ನಾಳೆಗೆ ನೀರು ಕಾದಿರಲಿ ಎಂದು ಹೊರಗೋಡೆಯ ಸ್ವಿಚ್ಚುಗಳನ್ನೆಲ್ಲ ಒಂದೇ ಸಲ ಒತ್ತಿದಳು.

ನಾನು ಅಡುಗೆಮನೆಯಲ್ಲಿ ಹೋಳಿಗೆಯ ಕಣಕ ನಾದುತ್ತಿದ್ದೆ. ದೀಪ ಹೋಯಿತು. ಕೂಡಲೇ ಮೇಲೆ ಕೆಳಗೆ ಎಲ್ಲ ಕಡೆಯಿಂದ ಶುರುವಾಯಿತು.

"ಹೋತು ನೋಡು ಮತ್ತ!"

"ಹಬ್ಬದ ದಿನಾನೂ ಬಿಡಂಗಿಲ್ಲಲ್ಲ ಈ ಅಕ್ಕಾರ ಸ್ವಿಚ್ಚು!"

"ಆ ಸ್ವಿಚ್ಚಿಗೆ ಬೆಂಕಿ ಬೀಳಲಿ!"

"ಯಾರೂ ಸ್ವಿಚ್ ಎತ್ತಬ್ಯಾಡ್ರಿ!" ಎಂದು ಕೂಗಿ, ಹಿಟ್ಟಿನ ಕೈಯಲ್ಲೇ ಫೋನಿನ ಬೆಳಕು ಹಚ್ಚಿಕೊಂಡು ಪಡಸಾಲೆಗೆ ಬಂದೆ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ. "ಶಾಂತಾ!" "ಇಲ್ಲೇ ಅದೇನ್ರಿ, ಕತ್ತಲಾಗ!" "ಮಂಜುಳಾ!" "ಓದಾಕತ್ತಿದ್ದೆ, ಈಗಿಲ್ಲ!" ಹೀಗೆ ಸಿಟ್ಟಿನ ಓ ಬಂದವು. "ರೇಷ್ಮಾ!"

ಓ ಬರಲಿಲ್ಲ. ಮತ್ತೆ ಕರೆದೆ. ಬೈಯುತ್ತಿದ್ದವರೂ ಸುಮ್ಮನಾದರು.

ಬಚ್ಚಲಿಗೆ ಓಡಿದೆ. ಬಕೆಟ್ಟು ಉರುಳಿ ಬಿದ್ದಿತ್ತು. ಗೀಜರಿನಿಂದ ಹುಣಸೆ ನೀರು ತೊಟ್ಟಿಕ್ಕುತ್ತಿತ್ತು. ರೇಷ್ಮಾ ಗೋಡೆಗೆ ಒರಗಿ ಕುಳಿತಿದ್ದಳು, ಕೈಯಲ್ಲಿ ಬಳ್ಳಿ, ಕಣ್ಣು ತೆರೆದೇ ಇತ್ತು.

"ರೇಷ್ಮಾ, ಮಾತಾಡವಾ. ನನ್ನ ಅವ್ವ, ಮಾತಾಡು."

ತುಟಿ ಅಲುಗಿತು. "ಅಕ್ಕಾರ... ಮಣಿಕಟ್ಟಿಗೆ ಯಾರೋ ಹೊಡದಂಗಾತ್ರಿ. ಅಷ್ಟೊತ್ತಿಗೆ ದೀಪ ಹೋತು."

ಅವಳನ್ನು ಎದೆಗೆ ಅಪ್ಪಿಕೊಂಡು ಒದ್ದೆ ನೆಲದಲ್ಲೇ ಕುಳಿತುಬಿಟ್ಟೆ. ಹುಡುಗಿಯರೆದುರು ಗೋಳೋ ಎಂದು ಅತ್ತೆ. ಅವಳ ಮುಖಕ್ಕೆಲ್ಲ ನನ್ನ ಕೈಯ ಹಿಟ್ಟು ಮೆತ್ತಿತು.

ದವಾಖಾನೆಗೆ ಕರೆದುಕೊಂಡು ಹೋದೆವು. ಕರೆಂಟ್ ತಾಗಿದವರು ಎದ್ದು ನಡೆದಾಡಿದರೂ ಡಾಕ್ಟರಿಗೆ ತೋರಿಸಲೇಬೇಕು, ಇದನ್ನೂ ನೆನಪಿಡಿ. ಎದೆಬಡಿತ ಸರಿ ಇದೆ ಎಂದು ಅವರು ಹೇಳುವ ತನಕ ನನ್ನದು ಸರಿ ಇರಲಿಲ್ಲ. ವಾಪಸು ಬರುವಾಗ ರೇಖಾ ಆಟೋದಲ್ಲಿ ನನ್ನ ಪಕ್ಕ ಕುಳಿತಳು.

"ಅಕ್ಕಾರ, ಗೀಜರ್ ಹಚ್ಚಿದಾಕಿ ನಾನರಿ. ಸಾಹೇಬ್ರಿಗೆ ಫೋನ್ ಮಾಡಿದಾಕಿನೂ ನಾನ." ಆಮೇಲೆ ನನ್ನ ಸೆರಗು ಹಿಡಿದು, "ಮಧ್ಯಾಹ್ನ ಬಸಣ್ಣ ಡೈರೆಕ್ಟ್ ಕೊಟ್ಟು ಹೋಗಿದ್ರ?" ಎಂದಳು.

ಸೆರಗು ಹಿಡಿದ ಆ ಕೈಯನ್ನು ನಾನು ಹಿಡಿದುಕೊಂಡೆ.

ಮರುದಿನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಅನ್ನ ಮಾಡುವ ದೊಡ್ಡ ಪಾತ್ರೆಯಲ್ಲಿ ಕಟ್ಟಿಗೆ ಉರಿ ಹಾಕಿ ನೀರು ಕಾಯಿಸಿದೆವು. ಬಳ್ಳಿಯನ್ನು ಅದಕ್ಕೇ ಸುತ್ತಿದರು, ಕಟ್ಟಿದವಳು ರೇಷ್ಮಾನೇ. ಹುಡುಗಿಯರು ಎರೆದುಕೊಂಡು ಕೂದಲು ಒಣಗಿಸುತ್ತಿರುವಾಗ ಬಸಣ್ಣ ಬಂದ. ಸುದ್ದಿ ತಲುಪಿತ್ತು. ಹಬ್ಬದ ಹೊಸ ಅಂಗಿಯಲ್ಲೇ ಗೀಜರಿನ ಹೊಸ ಮುಚ್ಚಳ ತಂದಿದ್ದ. ಎಲ್ಲ ಬಿಚ್ಚಿ ಒಣಗಿಸಿ, ವೈರು ಬದಲಿಸಿ, ಮುಚ್ಚಳ ಕೂಡಿಸಿ, ಮತ್ತೆ ಮತ್ತೆ ಟೆಸ್ಟರ್ ಹಿಡಿದು ನೋಡಿದ. ಅವನ ಹಳೆಯ ಮಾತು ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡವನು, "ಅಕ್ಕಾರ, ಈಗ ನನ್ನ ಮಗಳು ಬಂದ್ರೂ ಎರಕೋಬಹುದ್ರಿ" ಎಂದ. ಹೋಳಿಗೆ ಕೊಟ್ಟು ಕಳಿಸಿದೆ.

ಸಾಹೇಬರು ಡೈರೆಕ್ಟಿನ ಮಾತು ಮತ್ತೆ ಎತ್ತಲಿಲ್ಲ. ನಾನೂ ಕೆದಕಲಿಲ್ಲ.

ಇಷ್ಟೆಲ್ಲ ಬರೆದಿಟ್ಟ ಮೇಲೆ, ಕಳೆದ ವಾರ ಸಂಜೆ ಮತ್ತೆ ಸವಿತಾಳ ಫೋನು ಬಂತು. ಮಾತಿನ ಹಿಂದೆ ಗದ್ದಲವೋ ಗದ್ದಲ.

"ಅಕ್ಕಾರ, ಟ್ರಿಪ್ ಸ್ವಿಚ್ ಬಿತ್ತರಿ. ಹುಡುಗ್ಯಾರು ಬಾಯಿಗೆ ಬಂದಂಗ ಬೈಯಾಕತ್ತಾರ. ಎತ್ತಲೇನ್ರಿ?"

ನನ್ನ ಎದೆ ಮತ್ತೆ ಧಸಕ್ಕೆಂದಿತು. "ಎತ್ತಬ್ಯಾಡ. ಬೈಯಾಕತ್ತಾಕಿ ಚಲೋ ಅದಾಳ, ಆಕಿನ್ನ ಬಿಡು. ಒಬ್ಬೊಬ್ಬಾಕಿನ್ನ ಹೆಸರು ಹಿಡದು ಕರಿ. ಯಾರು ಓ ಅನ್ನೂದಿಲ್ಲ, ಆಕಿ ಹಂತೇಕ ಓಡು. ಫೋನ್ ಇಡಬ್ಯಾಡ."

ಅವಳು ಕರೆಯತೊಡಗಿದಳು. ನಾನು ಹಾವೇರಿಯ ನನ್ನ ಮನೆಯಲ್ಲಿ, ಫೋನನ್ನು ಕಿವಿಗೆ ಒತ್ತಿಕೊಂಡು ನಿಂತು ಕೇಳುತ್ತಿದ್ದೆ. ಮುಖ ನೋಡದ ಹುಡುಗಿಯರು. ಒಬ್ಬೊಬ್ಬಳೂ ಸಿಡುಕಿನಿಂದ "ಇಲ್ಲೇ ಅದೇನ್ರಿ!" ಎನ್ನುತ್ತಿದ್ದಳು. ಒಬ್ಬಳು ತಡಮಾಡಿದಾಗ ನಾನು ಉಸಿರು ಹಿಡಿದೆ. ಆಮೇಲೆ ಅವಳೂ ಬೈದಳು.

"ಎಲ್ಲಾರೂ ಅದಾರ್ರಿ ಅಕ್ಕಾರ. ಇನ್ನ ಯಾಕ ಬಿತ್ತು ಅಂತ ಹುಡುಕ್ತೀನಿ. ಫೋನ್ ಇಡ್ಲೇನ್ರಿ?"

"ಇಡಬ್ಯಾಡ, ಒಂಚೂರು ತಡಿ" ಎಂದೆ. ಆ ಬೈಗುಳ ಇನ್ನೂ ಸ್ವಲ್ಪ ಹೊತ್ತು ಕೇಳಬೇಕೆನಿಸಿತು.